ಗವಾಯಿಗಳ ದಾರಿ

ಧಾರವಾಡದ ಕರ್ನಾಟಕ ಕಾಲೇಜಿನ ಭವ್ಯವಾದ ಕಟ್ಟಡವನ್ನು ಕಂಡು ಮೆಚ್ಚುವವರಲ್ಲಿ ಬಹುಮಂದಿಗೆ, ಅದು ಮೊದಲು ವಿದ್ಯಾರ್ಥಿಗಳಿಗಾಗಿ ಎದ್ದುದಲ್ಲವೆಂದೂ ಸದರ್ನ್ ಮರಾಠಾ ರೈಲ್ವೆ ಕಂಪನಿಯ ಪ್ರಧಾನ ಕಚೇರಿಯಾಗಿತ್ತೆಂದೂ ತಿಳಿದಿರಲಾರದು. ಹತ್ತೊಂಬತ್ತನೆಯ ಶತಮಾನದ ಕೊನೆಯ ಎರಡು ದಶಕಗಳಲ್ಲಿ ಆ ಕಂಪನಿಯವರು ಪುಣೆ, ಮಿರಜ, ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳನ್ನು ಪೋಣಿಸುತ್ತ ದಕ್ಷಿಣಾಭಿಮುಖವಾಗಿ ಮೀಟರ್‌ಗೇಜ್ ಹಳಿಯನ್ನು ಹಾಸಿದಾಗ, ಅವರ ಲೆಕ್ಕದ ಪುಸ್ತಕಗಳಲ್ಲಿ ಹತ್ತಿಯ ಅಂಡಿಗೆಗಳಿಗೂ ಕಾಳಿನ ಚೀಲಗಳಿಗೂ ಸ್ಥಳವಿದ್ದಿತೇ ಹೊರತು ಖಯಾಲು ಗಾಯನಕ್ಕೆ ಇರಲಿಲ್ಲ. ಆದರೂ ಉತ್ತರದ ಕೈರಾನಾ ಎಂಬ ಊರಿನ ಹೆಸರನ್ನು ಹೊತ್ತ ಘರಾಣೆಯೊಂದು ಕನ್ನಡ ನೆಲದಲ್ಲಿ ಬೇರುಬಿಟ್ಟು ಬೆಳೆದುದಕ್ಕೆ ಗುರುಶಿಷ್ಯರ ಪ್ರತಿಭೆ ಎಷ್ಟು ಕಾರಣವೋ, ಅವರನ್ನು ಊರಿಂದೂರಿಗೆ ಹೊತ್ತು ತಿರುಗಿದ ಆ ಹೊಗೆಬಂಡಿಯೂ ಸುಮಾರು ಅಷ್ಟೇ ಕಾರಣವೆಂದು ನಾನು ಭಾವಿಸುತ್ತೇನೆ. ಉಸ್ತಾದ ಅಬ್ದುಲ್ ಕರೀಮ್ ಖಾನರು ಮೈಸೂರು ಅರಮನೆಗೆ ಹೋಗಿಬರುವ ದಾರಿಯಲ್ಲಿ ಧಾರವಾಡ ಸೀಮೆಯಲ್ಲಿ ತಂಗುತ್ತಿದ್ದರು; ಅವರ ಶಿಷ್ಯರಾದ ಕುಂದಗೋಳದ ರಾಮಭಾವು ಮುಂದೆ ಸವಾಯಿ ಗಂಧರ್ವರೆನಿಸಿದರು; ಸವಾಯಿ ಗಂಧರ್ವರ ಮನೆಯ ಮುಂದೆ ಗಂಗೂಬಾಯಿ ಹಾನಗಲ್ಲರೂ ಭೀಮಸೇನ ಜೋಶಿಯವರೂ ಬಂದು ನಿಂತರು. ಮಿರಜ, ಹುಬ್ಬಳ್ಳಿ, ಕುಂದಗೋಳ, ಎಲ್ಲವೂ ಒಂದೇ ಹಳಿಯ ಮೇಲಿನ ನಿಲ್ದಾಣಗಳು.

ಸಂಚಾರಿ ಗಾಯಕನ ಬದುಕೆಂದರೆ ಹಾರ ತುರಾಯಿಗಳ, ಹೊಸ ಹೊಸ ಊರುಗಳ ಸುಖವೆಂದು ದೂರದಿಂದ ನೋಡುವವರಿಗೆ ತೋರುವುದು ಸಹಜ. ಆದರೆ ವೇದಿಕೆಯ ಮೇಲೆ ಕುಳಿತ ಎರಡು ತಾಸನ್ನು ಬಿಟ್ಟರೆ ಉಳಿದ ದಿನವೆಲ್ಲ ಅವನು ಕಾಯುವವನು: ಗಾಡಿಗಾಗಿ ಕಾಯಬೇಕು, ಬಿಸಿನೀರಿಗಾಗಿ ಕಾಯಬೇಕು, ಸಾಥಿಗೆ ಒಪ್ಪಿಕೊಂಡ ತಬಲಜಿ ಬಂದನೋ ಇಲ್ಲವೋ ಎಂದು ಕಾಯಬೇಕು, ಎಲ್ಲ ಮುಗಿದ ಮೇಲೆ ಬಿದಾಗಿಯ ಲಕೋಟೆಗಾಗಿ ಯಜಮಾನರ ಮುಖವನ್ನು ನೋಡುತ್ತ, ನೋಡದವನಂತೆ ನಟಿಸುತ್ತ ಕಾಯಬೇಕು. ಅಹೋರಾತ್ರಿಯ ಬೈಠಕ್ಕಾದರೆ ಬೆಳಗಿನ ಭೈರವಿ ಮುಗಿದು ಶ್ರೋತೃಗಳೆಲ್ಲ ಮನೆಗೆ ಹೋಗಿ ಮಲಗುವ ಹೊತ್ತಿಗೆ ಗಾಯಕನು ಹಾಸಿಗೆಯ ಸುರುಳಿಯನ್ನು ಬಿಗಿದುಕೊಂಡು ಸ್ಟೇಷನ್ನಿನ ದಾರಿ ಹಿಡಿದಿರುತ್ತಾನೆ. ಮರುದಿನದ ಊರಿನ ನೀರು ಬೇರೆ, ಹವೆ ಬೇರೆ, ಅನ್ನ ಬೇರೆ. ಆದರೆ ಸಂಜೆಗೆ ಅವನ ಕಂಠದಿಂದ ಹೊರಡಬೇಕಾದ ಷಡ್ಜ ಮಾತ್ರ ನಿನ್ನೆಯದೇ ಆಗಿರಬೇಕು.

ಇನ್ನು ತಂಬೂರಿಯ ವಿಚಾರ. ಗಾಯಕನ ಸಾಮಾನುಗಳಲ್ಲೆಲ್ಲ ಅತ್ಯಂತ ಅಗತ್ಯವಾದದ್ದೂ ಪ್ರಯಾಣಕ್ಕೆ ಅತ್ಯಂತ ಅಯೋಗ್ಯವಾದದ್ದೂ ಇದೇ. ಮಿರಜದ ಕುಶಲಕರ್ಮಿಗಳು ಪಂಢರಪುರದ ಕಡೆಯ ಹೊಲಗಳಲ್ಲಿ ಬೆಳೆದ ದೊಡ್ಡ ಬುರುಡೆಯನ್ನು ಒಣಗಿಸಿ, ಮರದ ದಂಡಿಗೆಯನ್ನು ಜೋಡಿಸಿ ಮಾಡುವ ಈ ವಾದ್ಯವು (2024ರಲ್ಲಿ ಮಿರಜದ ತಂಬೂರಿಗೂ ಸಿತಾರಿಗೂ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು) ನಾಲ್ಕಡಿಗೂ ಮೀರಿದ ಎತ್ತರದ್ದು. ಬುರುಡೆಯಾದರೋ ಒಳಗೆ ಪೊಳ್ಳಾಗಿದ್ದು ಒಂದು ಪೆಟ್ಟಿಗೆ ಬಿರುಕುಬಿಡುವಷ್ಟು ಸೂಕ್ಷ್ಮವಾದದ್ದು. ಪ್ರಯಾಣಕ್ಕೆ ಮುನ್ನ ತಂತಿಗಳನ್ನು ಸಡಿಲಿಸಿ, ಹತ್ತಿ ತುಂಬಿದ ಗವಸಣಿಗೆಯನ್ನು ತೊಡಿಸಿ, ಮೂರನೆಯ ದರ್ಜೆಯ ಡಬ್ಬಿಯಲ್ಲಿ ಮನುಷ್ಯರು ಕುಳಿತುಕೊಳ್ಳಲು ಹೆಣಗುವಲ್ಲಿ ಅದಕ್ಕೊಂದು ಮೂಲೆಯನ್ನು ಸಂಪಾದಿಸಬೇಕಾಗಿತ್ತು. ಸಂಪಾದಿಸುತ್ತಿದ್ದವನು ಶಿಷ್ಯ. ಗಂಟುಮೂಟೆಗಳು ಬುರುಡೆಗೆ ತಗಲದಂತೆ ಎರಡು ಕೈಗಳಿಂದ ತಬ್ಬಿಕೊಂಡು ರಾತ್ರಿಯಿಡೀ ತೂಕಡಿಸದೆ ಕುಳಿತಿರುವುದು ಅವನ ಸಂಗೀತಶಿಕ್ಷಣದ ಪ್ರಥಮ ಪಾಠವಾಗಿದ್ದಿತು. ಅಷ್ಟಾದರೂ ಒಣಹವೆಯ ಧಾರವಾಡದಿಂದ ಕಡಲ ತೇವದ ಮುಂಬಯಿಗೆ ಇಳಿದೊಡನೆ ಮರ ಉಬ್ಬಿ ಬಿರಡೆಗಳು ತಿರುಗದೆ ಹಠ ಹಿಡಿಯುತ್ತವೆ. ಬೇಸಿಗೆಯ ಬಯಲುಸೀಮೆಗೆ ಮರಳಿದರೆ ಅವೇ ಬಿರಡೆಗಳು ನಿಲ್ಲದೆ ಜಾರುತ್ತವೆ. ಕುದುರೆಯ ಮೇಲೆ ತಂತಿಯ ಕೆಳಗೆ ಸಿಕ್ಕಿಸುವ ಎಳೆನೂಲು ಕೂದಲಿನಷ್ಟು ಆಚೀಚೆಯಾದರೂ ಜವಾರಿ ಕೆಡುತ್ತದೆ, ಝೇಂಕಾರ ಹೋಗಿ ಬರಿಯ ತಂತಿಯ ಸದ್ದು ಉಳಿಯುತ್ತದೆ. ಕಾರ್ಯಕ್ರಮಕ್ಕೆ ಮೊದಲು ಪರದೆಯ ಹಿಂದೆ ಗವಾಯಿಗಳು ಇಷ್ಟು ಹೊತ್ತು ಏನು ಮಾಡುತ್ತಾರೆಂದು ಗೊಣಗುವ ಸಭಿಕರು ಇದನ್ನು ಒಮ್ಮೆ ನೆನೆಯಬಹುದು.

ಈ ಕಷ್ಟಗಳನ್ನು ಪಟ್ಟಿಮಾಡಿ ಕನಿಕರವನ್ನು ಬೇಡುವುದು ನನ್ನ ಉದ್ದೇಶವಲ್ಲ. ನಮ್ಮ ಸೀಮೆಯಲ್ಲಿ ದಾರಿಯೇ ಪಾಠಶಾಲೆಯಾಗಿತ್ತೆಂಬುದು ನಾನು ಹೇಳಬೇಕೆಂದಿರುವ ಮಾತು. ಗಾನಯೋಗಿ ಪಂಚಾಕ್ಷರಿ ಗವಾಯಿಗಳ ವಿಷಯದಲ್ಲಂತೂ ಇದು ಅಕ್ಷರಶಃ ನಿಜ. ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವು ನೆಲೆಗೊಳ್ಳುವುದಕ್ಕೆ ಮೊದಲು ಅವರ ಪಾಠಶಾಲೆಗೆ ಗೋಡೆಗಳೇ ಇರಲಿಲ್ಲ. ಸ್ವತಃ ಅಂಧರಾಗಿದ್ದ ಆ ಗುರುಗಳು, ಅನೇಕ ಅಂಧಬಾಲಕರನ್ನೂ ಒಳಗೊಂಡ ಶಿಷ್ಯಸಮೂಹದೊಡನೆ ಊರಿಂದೂರಿಗೆ ಸಂಚರಿಸುತ್ತ, ಭಕ್ತರು ನೀಡಿದ ಕಡೆಯಲ್ಲಿ ಉಂಡು, ಇಳಿದುಕೊಂಡ ಕಡೆಯಲ್ಲಿಯೇ ಪಾಠ ಹೇಳುತ್ತಿದ್ದರು. ಸಾಲದುದಕ್ಕೆ ನಾಟಕ ಮಂಡಳಿಯನ್ನೂ ಕಟ್ಟಿ, ಅದರ ಸಂಚಾರದ ಉತ್ಪನ್ನದಿಂದ ವಿದ್ಯಾರ್ಥಿಗಳ ಹೊಟ್ಟೆ ಹೊರೆದರು. ನಾಟಕ ಮಂಡಳಿಯೆಂದೊಡನೆ ಮಲ್ಲಿಕಾರ್ಜುನ ಮನಸೂರರ ನೆನಪಾಗದಿರದು. ಬಾಲ್ಯದಲ್ಲಿ ವಾಮನರಾವ ಮಾಸ್ತರರ ಮಂಡಳಿಯನ್ನು ಸೇರಿ ಊರೂರಲ್ಲಿ ಹಾಡುತ್ತಿದ್ದ ಆ ಹುಡುಗನ ಕಂಠವನ್ನು ಕೇಳಿದ ನೀಲಕಂಠಬುವಾ ಅಲೂರಮಠರು ಅವನನ್ನು ಮಿರಜಕ್ಕೆ ಕರೆದೊಯ್ದು ಶಾಸ್ತ್ರೀಯ ಶಿಕ್ಷಣವನ್ನಿತ್ತರು. ಮಂಡಳಿಯು ಊರು ಬಿಟ್ಟು ಊರಿಗೆ ಹೋಗದಿದ್ದರೆ ಆ ಕಂಠವು ಆ ಕಿವಿಯನ್ನು ಸೇರುತ್ತಿತ್ತೆಂದು ಹೇಗೆ ಹೇಳುವುದು?

ಭೀಮಸೇನ ಜೋಶಿಯವರ ದಾರಿಯಾದರೋ ವಿಧಿವಿನೋದದ್ದು. ಗುರುವನ್ನು ಅರಸಿ 1933ರಲ್ಲಿ, ಹನ್ನೊಂದು ವರ್ಷದ ಬಾಲಕ, ಗದಗಿನ ಮನೆಯನ್ನು ಬಿಟ್ಟು ಓಡಿದನು. ಕೈಯಲ್ಲಿ ಕಾಸಿಲ್ಲ, ಟಿಕೆಟ್ಟಿಲ್ಲ. ಗಾಡಿಯಲ್ಲಿ ಸಹಪ್ರಯಾಣಿಕರಿಗೆ ಹಾಡಿ ಅವರ ಕರುಣೆಯಿಂದ ಉಂಡು, ಗ್ವಾಲಿಯರ್, ಕಲ್ಕತ್ತಾಗಳನ್ನೆಲ್ಲ ಸುತ್ತಿ ಪಂಜಾಬಿನ ಜಲಂಧರವನ್ನು ಮುಟ್ಟಿದನು. ಅಲ್ಲಿಗೆ ಸಂಗೀತೋತ್ಸವಕ್ಕಾಗಿ ಬಂದಿದ್ದ ವಿನಾಯಕರಾವ ಪಟವರ್ಧನರು, ನಿನ್ನ ಊರಿನ ಪಕ್ಕದಲ್ಲಿಯೇ ಸವಾಯಿ ಗಂಧರ್ವರಿರುವಾಗ ಇಷ್ಟು ದೂರ ಏಕೆ ಬಂದೆಯೆಂದು ತಿಳಿಹೇಳಿ ಹಿಂದಕ್ಕೆ ಕಳುಹಿದರಂತೆ. ಅರ್ಧ ಭರತಖಂಡವನ್ನು ಸುತ್ತಿದ ಫಲವಾಗಿ ದೊರೆತದ್ದು ಕುಂದಗೋಳದ ವಿಳಾಸ! ಆದರೆ ಆ ಅಲೆದಾಟ ವ್ಯರ್ಥವಾಯಿತೆನ್ನಲಾಗದು. ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುವ ಅಪರಿಚಿತರ ಗುಂಪನ್ನು ಬರಿಯ ದನಿಯಿಂದ ಹಿಡಿದು ನಿಲ್ಲಿಸುವ ವಿದ್ಯೆಯನ್ನು ಅವರಿಗೆ ಯಾವ ಗುರುವೂ ಕಲಿಸಬೇಕಾಗಿರಲಿಲ್ಲ. ಮುಂದೆ ವಿಮಾನಗಳಲ್ಲಿ ಎಡೆಬಿಡದೆ ಸಂಚರಿಸಿ, ಎಷ್ಟೋ ವೇಳೆ ತಾವೇ ಮೋಟಾರು ನಡೆಸಿಕೊಂಡು ದೂರದೂರದ ಊರುಗಳಿಗೆ ಹೋಗಿ ಹಾಡುತ್ತಿದ್ದ ಅವರನ್ನು ರಸಿಕರು ಪ್ರೀತಿಯಿಂದ 'ಹವಾಯಿ ಗಂಧರ್ವ'ರೆಂದು ಕರೆದರು.

ಹೆಣ್ಣುಮಗಳಾಗಿ ಈ ದಾರಿಯನ್ನು ತುಳಿದವರ ಕಥೆ ಬೇರೆ. ಗಂಗೂಬಾಯಿಯವರು ಗುರುಗಳ ಪಾಠಕ್ಕಾಗಿ ಹುಬ್ಬಳ್ಳಿಯಿಂದ ಸುಮಾರು 20 ಕಿಲೋಮೀಟರ್ ದೂರದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬರುತ್ತಿದ್ದರು. ಹಾಡುವ ಹೆಂಗಸೆಂದು ದಾರಿಯಲ್ಲಿ ಹೀಯಾಳಿಸುವ ನಾಲಗೆಗಳನ್ನು ಕೇಳಿಯೂ ಕೇಳದಂತೆ ನಡೆಯಬೇಕಾಗಿತ್ತು. ಇನ್ನೂ ಹುಡುಗಿಯಾಗಿದ್ದಾಗ, 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಸಮ್ಮುಖದಲ್ಲಿ ಸ್ವಾಗತಗೀತೆಯನ್ನು ಹಾಡಲು ಹೋದಾಗ, ಅವರ ಮನಸ್ಸಿನಲ್ಲಿದ್ದ ಭಯವು ಹಾಡನ್ನು ಕುರಿತದ್ದಾಗಿರಲಿಲ್ಲ. ಊಟದ ಎಲೆಗಳನ್ನು ಎತ್ತಲು ತಮಗೆ ಹೇಳಿಬಿಟ್ಟಾರೆಂಬುದಾಗಿತ್ತು. ಊರು ಬಿಟ್ಟು ಊರಿಗೆ ಹೋದಂತೆಲ್ಲ ಜಾತಿಯೂ ಜೊತೆಯಲ್ಲಿ ಗಾಡಿ ಹತ್ತುತ್ತಿತ್ತು. ಮುಂದಿನ ವರ್ಷಗಳಲ್ಲಿ ಮಗಳು ಕೃಷ್ಣಾ ಅವರು ತಾಯಿಯ ಹಿಂದೆ ಕುಳಿತು ದನಿಗೂಡಿಸುತ್ತಿದ್ದರು. ಸಂಸಾರವನ್ನೂ ಸಂಚಾರವನ್ನೂ ಬೇರೆಬೇರೆಯಾಗಿಡುವ ಸೌಕರ್ಯ ಅಂಥ ಮನೆಗೆ ಇರಲಿಲ್ಲ.

ದಾರಿಯು ಕೊನೆಗೆ ಪ್ರಾಣವನ್ನೇ ಕೇಳಿದುದೂ ಉಂಟು. 1937ರ ಅಕ್ಟೋಬರ್ 27ರಂದು ಮದರಾಸಿನಿಂದ ಪಾಂಡಿಚೇರಿಯ ಕಡೆಗೆ ಹೊರಟಿದ್ದ ಅಬ್ದುಲ್ ಕರೀಮ್ ಖಾನರಿಗೆ ಗಾಡಿಯಲ್ಲಿಯೇ ಅಸ್ವಸ್ಥತೆಯುಂಟಾಗಿ, ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದು, ಪ್ಲಾಟ್‌ಫಾರಮಿನ ಮೇಲೆ ನಮಾಜು ಮಾಡಿ, ದರ್ಬಾರಿಯಲ್ಲಿ ದೇವರ ನಾಮವನ್ನು ಹಾಡುತ್ತ ದೇಹವನ್ನು ಬಿಟ್ಟರೆಂದು ಅವರ ಶಿಷ್ಯವರ್ಗದವರು ಹೇಳುತ್ತ ಬಂದಿದ್ದಾರೆ. ಅವರ ಸಮಾಧಿ ಇರುವುದು ಮಿರಜದಲ್ಲಿ.

ಈಗ ಕಾಲ ಬದಲಾಗಿದೆ, ಬಹುಮಟ್ಟಿಗೆ ಒಳ್ಳೆಯದಕ್ಕೇ ಬದಲಾಗಿದೆ. 1950ರಲ್ಲಿ ಧಾರವಾಡದ ಆಕಾಶವಾಣಿ ಕೇಂದ್ರವು ಆರಂಭವಾದಂದಿನಿಂದ ಮನೆಯ ಹತ್ತಿರವೇ ಒಂದಿಷ್ಟು ನಿಶ್ಚಿತ ಸಂಭಾವನೆ ದೊರೆಯುವಂತಾಯಿತು. ವಿಮಾನಯಾನದಿಂದ ದಿನಗಳ ದೂರ ತಾಸುಗಳಿಗೆ ಇಳಿಯಿತು. ಆದರೆ ವಿಮಾನದ ಸರಕುಗೂಡಿನಲ್ಲಿ ಇತರರ ಪೆಟ್ಟಿಗೆಗಳ ಕೆಳಗೆ ಬೀಳುವ ತಂಬೂರಿಯನ್ನು ತಬ್ಬಿಕೊಳ್ಳುವವರು ಯಾರು? ಹೀಗಾಗಿ ಹೋದ ಊರಿನಲ್ಲಿಯೇ ವಾದ್ಯವನ್ನು ಎರವಲು ಪಡೆಯುವ, ಅದಕ್ಕಿಂತ ಹೆಚ್ಚಾಗಿ ಎಲೆಕ್ಟ್ರಾನಿಕ್ ತಂಬೂರಿಯನ್ನು ನೆಚ್ಚುವ ರೂಢಿ ಬಂದಿತು. ಸ್ವತಃ ಕೊಳಲುವಾದಕರೂ ಎಂಜಿನಿಯರರೂ ಆದ ಜಿ. ರಾಜ್‌ನಾರಾಯಣರು ಬೆಂಗಳೂರಿನಲ್ಲಿ 1970ರ ದಶಕದ ಕೊನೆಯಲ್ಲಿ ಕಟ್ಟಿದ ರಾಡೆಲ್ ಸಂಸ್ಥೆಯ ಪೆಟ್ಟಿಗೆಗಳು ಬಲು ಬೇಗ ಗಾಯಕರ ಚೀಲವನ್ನು ಸೇರಿದವು. ಈಗಂತೂ ಮೊಬೈಲಿನಲ್ಲಿಯೇ ಆ ನಾದ ಸಿಗುತ್ತದೆ. ಶ್ರುತಿ ತಪ್ಪದ, ಬಿರಡೆ ಜಾರದ, ಹಸಿವು ನಿದ್ರೆಗಳಿಲ್ಲದ ಆ ಯಂತ್ರವನ್ನು ನಾನು ನಿಂದಿಸಲಾರೆ. ಆದರೂ ಕಾರ್ಯಕ್ರಮ ಏರ್ಪಡಿಸುವವರು ಖರ್ಚಿನ ಪಟ್ಟಿ ಹಾಕುವಾಗ ಮೊದಲು ಹೊಡೆದುಹಾಕಿದ್ದು ತಂಬೂರಿಗೆ ಕೂರುವ ಇಬ್ಬರು ಶಿಷ್ಯರ ಪ್ರಯಾಣವೆಚ್ಚವನ್ನು. ಗುರುವು ಗಾಡಿಯ ಕಿಟಕಿಯ ಪಕ್ಕದಲ್ಲಿ ತನಗೆ ತಾನೇ ಗುನುಗಿಕೊಳ್ಳುವ ಸ್ವರಸಂಚಾರವನ್ನು, ನಿನ್ನೆಯ ಊರಿನಲ್ಲಿ ರಂಗೇರದ ರಾಗವು ಇಂದು ಏಕೆ ಏರಿತೆಂಬ ಹರಟೆಯನ್ನು, ಕೆಟ್ಟ ತಬಲಾದೊಡನೆಯೂ ಮಾನ ಉಳಿಸಿಕೊಳ್ಳುವ ಉಪಾಯವನ್ನು ಆ ಇಬ್ಬರು ಪುಕ್ಕಟೆಯಾಗಿ ಕಲಿಯುತ್ತಿದ್ದರು. ಈಗ ಅವರು ಊರಿನಲ್ಲಿಯೇ ಉಳಿದು, ವಾರಕ್ಕೊಂದು ತಾಸಿನ ಪಾಠಕ್ಕೆ ಶುಲ್ಕ ಕೊಟ್ಟು, ಗುರುಗಳು ಪ್ರವಾಸದಲ್ಲಿರುವ ವಾರ ರಜೆಯೆಂದು ತಿಳಿದು ಮನೆಗೆ ಮರಳುತ್ತಾರೆ.