ನೆಲಕ್ಕೆ ಬಿದ್ದ ಹಕ್ಕಿಮರಿ: ಏನು ಮಾಡಬೇಕು?

ಮುಂಗಾರಿಗೆ ಮೊದಲು ಗಾಳಿಮಳೆ ಹೊಡೆದ ಮರುದಿನ ಗಾವಡಗೆರೆಯ ಸುತ್ತಿನ ಹಳ್ಳಿಗಳಲ್ಲಿ ಮರದಡಿ ಹಕ್ಕಿಮರಿ ಸಿಗುವುದುಂಟು. ಮಕ್ಕಳು ಅದನ್ನು ಶಾಲೆಗೆ ತಂದು, "ಸಾರ್, ಹಾಲು ಕುಡಿಸೋಣವೇ?" ಎಂದು ಕೇಳಿದರೆ ನೀವೇನು ಹೇಳುವಿರಿ?

ಬೇಡವೆಂದೇ ಹೇಳಿ. ಹಕ್ಕಿ ಸ್ತನಿಯಲ್ಲ, ಹಾಲಿನ ಲ್ಯಾಕ್ಟೋಸ್ ಅದಕ್ಕೆ ಜೀರ್ಣವಾಗದು. ಕೊಕ್ಕಿಗೆ ನೀರನ್ನೂ ಹನಿಸಬಾರದು. ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇರುವುದರಿಂದ ನೀರು ಅದರೊಳಗೆ ಹೋಗಿ ಮರಿ ಸಾಯಬಹುದು.

ಮರಿ ನಿಜಕ್ಕೂ ಅನಾಥವೇ? ಮೈಗೆ ಗರಿ ಮೂಡಿದ್ದು, ಬಾಲ ಗಿಡ್ಡವಾಗಿದ್ದು, ಕುಪ್ಪಳಿಸುತ್ತಿದ್ದರೆ ಅದು ಹಾರಲು ಕಲಿಯುತ್ತಿರುವ ಮರಿ. ತಂದೆತಾಯಿ ಹತ್ತಿರದಲ್ಲೇ ಇದ್ದು ಗುಟುಕು ಕೊಡುತ್ತವೆ. ನಾಯಿ, ಬೆಕ್ಕುಗಳಿಗೆ ಸಿಗದಂತೆ ಪೊದೆಯಲ್ಲಿಟ್ಟು ದೂರ ಸರಿಯಿರಿ. ಗರಿಯಿಲ್ಲದ ಮರಿಯನ್ನು ಗೂಡಿಗೇ ಮರಳಿಸಿ. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬುದು ತಪ್ಪು ನಂಬಿಕೆ. ಗೂಡು ಹಾಳಾಗಿದ್ದರೆ ಸಣ್ಣ ಬಿದಿರುಬುಟ್ಟಿಗೆ ಒಣಹುಲ್ಲು ಹಾಸಿ ಅದೇ ಮರಕ್ಕೆ ಕಟ್ಟಿ, ದೂರದಿಂದ ಗಮನಿಸಿ.

ಎಲ್ಲ ಹಕ್ಕಿಗಳೂ ಹೀಗಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆಮರಗಳಲ್ಲೇ ಗೂಡು ಕಟ್ಟುತ್ತವೆ. ಅಲ್ಲಿ ಕೆಳಗೆ ಬಿದ್ದ ಮರಿಗೆ ತಂದೆತಾಯಿ ಉಣಿಸುವುದಿಲ್ಲ. ಆದ್ದರಿಂದ 1990ರ ದಶಕದಲ್ಲಿ ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್ ಸಂಸ್ಥೆಯ ನೆರವಿನಿಂದ ಊರಿನವರು 'ಹೆಜ್ಜಾರ್ಲೆ ಬಳಗ' ಕಟ್ಟಿಕೊಂಡರು. ಬಿದ್ದ ಮರಿಗಳನ್ನು ಬೇಲಿಯೊಳಗಿಟ್ಟು, ಮೀನು ತಿನ್ನಿಸಿ, ಹಾರಬಲ್ಲಷ್ಟು ಬೆಳೆದ ಮೇಲೆ ಬಿಟ್ಟರು. 2007ರಲ್ಲಿ ಈ ತಾಣ ಸಮುದಾಯ ಮೀಸಲು ಪ್ರದೇಶವಾಯಿತು.

ಮೀನೇ ಏಕೆ? ಹೆಜ್ಜಾರ್ಲೆಯ ಸಹಜ ಆಹಾರ ಅದು. ಪಾರಿವಾಳದ ಮರಿಗೆ ತಂದೆತಾಯಿಯ ಅನ್ನಚೀಲದಲ್ಲಿ ಸ್ರವಿಸುವ 'ಹಾಲು' ಬೇಕು. ಕಾಳು ತಿನ್ನುವ ಗುಬ್ಬಚ್ಚಿಯೂ ಮರಿಗೆ ಹುಳುಗಳನ್ನೇ ತರುತ್ತದೆ. ಬೇಗ ಬೆಳೆಯುವ ಮೈಗೆ ಪ್ರೋಟೀನು ಅಗತ್ಯ. ಹಾಗಾಗಿ ಸಿಕ್ಕ ಮರಿಗೆಲ್ಲ ಅನ್ನ ತುರುಕಿದರೆ ಅದು ಉಳಿಯದು. ಹಕ್ಕಿ ಯಾವುದೆಂದು ಗುರುತಿಸದೆ ಏನನ್ನೂ ತಿನ್ನಿಸಬೇಡಿ.

ಮರಿಗೆ ಗಾಯವಾಗಿದ್ದರೆ, ಇಲ್ಲವೇ ತಂದೆತಾಯಿ ಬಾರದಿದ್ದರೆ, ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ ಇಡಿ. ಉಗುರುಬೆಚ್ಚಗಿನ ನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿರಿಸಿ. ಹಸಿವಿಗಿಂತ ಮೊದಲು ಚಳಿ ಅದನ್ನು ಕೊಲ್ಲಬಹುದು. ಕೂಡಲೇ ಅರಣ್ಯ ಇಲಾಖೆಗೆ ತಿಳಿಸಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಸಂರಕ್ಷಿತ ಕಾಡುಹಕ್ಕಿಯನ್ನು ಮನೆಯಲ್ಲಿ ಸಾಕುವುದು ಅಪರಾಧ. ಮನುಷ್ಯರಿಗೆ ಒಗ್ಗಿಕೊಂಡ ಹಕ್ಕಿ ಹೊರಗೆ ಬದುಕುವುದೂ ಕಷ್ಟ. ಮರಿಯನ್ನು ಅದರ ತಾಯಿಗೇ ಒಪ್ಪಿಸುವುದು ನಮ್ಮ ಮೊದಲ ಗುರಿಯಾಗಿರಲಿ.