ಅಪಾಯಕಾರಿ ದ್ರವ್ಯಗಳೂ ಅವುಗಳ ಹೆಸರುಚೀಟಿಯೂ

ಔಷಧದ ಅಂಗಡಿಯಿಂದ ತಂದ ಸೀಸೆಯ ಮೇಲೆ ಹೆಸರೇ ಇಲ್ಲದಿದ್ದರೆ ನಮ್ಮಲ್ಲಿ ಯಾರೂ ಆ ಔಷಧವನ್ನು ಸೇವಿಸಲಾರರು. ಆದರೆ ದಿನಕ್ಕೆ ಎಂಟು ಹತ್ತು ಗಂಟೆ ದುಡಿಯುವ ಕಾರ್ಖಾನೆ, ಮುದ್ರಣಾಲಯ, ಹೋಟೆಲು, ಪ್ರಯೋಗಶಾಲೆಗಳಲ್ಲಿ ಹೆಸರಿಲ್ಲದ ಕ್ಯಾನು, ಬಾಟಲಿಗಳನ್ನು ಯಾವ ಅಳುಕೂ ಇಲ್ಲದೆ ಬಳಸುತ್ತೇವೆ. ಈ ಉದಾಸೀನದಿಂದ ಒದಗುವ ಅನಾಹುತವನ್ನೂ ಅದನ್ನು ತಡೆಯುವ ಬಗೆಯನ್ನೂ ಇಲ್ಲಿ ಸಂಕ್ಷೇಪವಾಗಿ ವಿವೇಚಿಸಲಾಗಿದೆ.

ಮುಂಬಯಿ ಕನ್ನಡಿಗರಿಗೆ ಚಿರಪರಿಚಿತವಾದ ಹೋಟೆಲಿನ ಅಡುಗೆಮನೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಮೋರಿಯ ಜಿಡ್ಡು ಕರಗಿಸಲು ಕಾಸ್ಟಿಕ್ ಸೋಡಾ, ನೆಲದ ಕಲೆ ತೆಗೆಯಲು ಆ್ಯಸಿಡ್, ತೊಳೆಯಲು ಬ್ಲೀಚಿಂಗ್ ದ್ರಾವಣ, ಇವು ಅಲ್ಲಿ ಸಾಮಾನ್ಯ. ದೊಡ್ಡ ಕ್ಯಾನಿನಲ್ಲಿ ಬಂದ ದ್ರಾವಣವನ್ನು ಅನುಕೂಲಕ್ಕೆಂದು ತಂಪು ಪಾನೀಯದ ಖಾಲಿ ಬಾಟಲಿಗೆ ಸುರಿದಿಡುವುದೂ ಸಾಮಾನ್ಯ. ಆಗ ಎಚ್ಚರಿಕೆಯ ಮಾತು ಕ್ಯಾನಿನ ಮೇಲೆಯೇ ಉಳಿಯುತ್ತದೆ; ಬಾಟಲಿಗೆ ಇಳಿಯುವುದು ವಿಷ ಮಾತ್ರ. ಬಾಯಾರಿದ ಹುಡುಗನೊಬ್ಬ ನೀರೆಂದು ಭ್ರಮಿಸಿ ಅದನ್ನು ಗುಟುಕರಿಸಿದರೆ ಕಾಸ್ಟಿಕ್ ಸೋಡಾ ಕ್ಷಣಗಳಲ್ಲಿ ಅನ್ನನಾಳವನ್ನು ಸುಡುತ್ತದೆ. ಜೀವ ಉಳಿದರೂ, ಗಾಯ ಮಾಯುವಾಗ ಅನ್ನನಾಳವು ಕುಗ್ಗಿ, ತುತ್ತು ನುಂಗುವುದೇ ದುಸ್ತರವಾಗಬಹುದು. ಬ್ಲೀಚಿಂಗ್ ದ್ರಾವಣಕ್ಕೆ ಅರಿಯದೆ ಆ್ಯಸಿಡ್ ಬೆರೆಸಿದರೆ ಕ್ಲೋರಿನ್ ಅನಿಲ ಹೊಮ್ಮಿ ಶ್ವಾಸಕೋಶಗಳಿಗೆ ಹಾನಿ ತಗಲುತ್ತದೆ.

ಚೀಟಿಯಲ್ಲಿ ಏನಿರಬೇಕು?

ರಿಯೊ ಡಿ ಜನೈರೊದಲ್ಲಿ 1992ರಲ್ಲಿ ನಡೆದ ಪರಿಸರ ಸಮ್ಮೇಳನದ ಸಂಕಲ್ಪಕ್ಕನುಗುಣವಾಗಿ ವಿಶ್ವಸಂಸ್ಥೆಯು ರಾಸಾಯನಿಕಗಳ ಲೇಬಲ್‌ಗಳಿಗೆ ಒಂದು ಜಾಗತಿಕ ಏಕರೂಪ ಪದ್ಧತಿಯನ್ನು ರೂಪಿಸಿ 2003ರಲ್ಲಿ ಪ್ರಕಟಿಸಿತು. ಅದರಂತೆ ಚೀಟಿಗೆ ಆರು ಅಂಗಗಳು: ದ್ರವ್ಯದ ಹೆಸರು, ಅಪಾಯಸೂಚಕ ಚಿತ್ರ, ಅಪಾಯದ ತೀವ್ರತೆ ತಿಳಿಸುವ ಪದ, ಅಪಾಯದ ವಿವರಣೆ, ಮುನ್ನೆಚ್ಚರಿಕೆಯ ಕ್ರಮಗಳು, ಸರಬರಾಜುದಾರನ ವಿಳಾಸ. ತೀವ್ರತೆಯ ಪದಗಳು ಎರಡೇ. ಹೆಚ್ಚಿನ ಅಪಾಯಕ್ಕೆ ‘ಡೇಂಜರ್’, ಅದಕ್ಕಿಂತ ಕಡಿಮೆಯದಕ್ಕೆ ‘ವಾರ್ನಿಂಗ್’.

ಚಿತ್ರಗಳು ಒಂಬತ್ತು. ಮೂಲೆಯ ಮೇಲೆ ನಿಂತ ಚೌಕ, ಕೆಂಪು ಅಂಚು, ಬಿಳಿಯ ಹಿನ್ನೆಲೆ, ಕಪ್ಪು ಚಿತ್ರ: ಇದು ಅವುಗಳ ಸಾಮಾನ್ಯ ರೂಪ. ಜ್ವಾಲೆಯ ಚಿತ್ರವು ಸುಲಭವಾಗಿ ಹೊತ್ತಿಕೊಳ್ಳುವ ಗುಣವನ್ನೂ, ಕೈಯನ್ನೂ ಲೋಹವನ್ನೂ ಕೊರೆಯುವ ದ್ರವದ ಚಿತ್ರವು ಸುಡುವ ಗುಣವನ್ನೂ, ತಲೆಬುರುಡೆಯು ಶೀಘ್ರ ಪರಿಣಾಮದ ವಿಷವನ್ನೂ ಸೂಚಿಸುತ್ತವೆ. ಎದೆಯಲ್ಲಿ ನಕ್ಷತ್ರದಂತಹ ಬಿರುಕುಳ್ಳ ಮನುಷ್ಯಾಕೃತಿಯನ್ನು ವಿಶೇಷವಾಗಿ ನೆನಪಿಡಬೇಕು. ಬೆಂಜೀನಿನಂತೆ ಇಂದು ನೋವನ್ನೇ ಕೊಡದೆ, ವರ್ಷಗಳ ತರುವಾಯ ರಕ್ತದ ಕ್ಯಾನ್ಸರಿಗೆ ಕಾರಣವಾಗಬಲ್ಲ ದ್ರವ್ಯಗಳ ಗುರುತು ಅದು. ಇಂಥವುಗಳ ವಿಷಯದಲ್ಲಿ ದೇಹವು ಮುಂಚಿತವಾಗಿ ಎಚ್ಚರಿಸುವುದಿಲ್ಲ, ಎಚ್ಚರಿಸಬೇಕಾದದ್ದು ಚೀಟಿಯೇ.

ನಮ್ಮ ದೇಶದ ನಿಯಮಗಳು

1984ರ ಡಿಸೆಂಬರ್ 2-3ರ ರಾತ್ರಿ ಭೋಪಾಲಿನಲ್ಲಿ ಮೀಥೈಲ್ ಐಸೊಸಯನೇಟ್ ಸೋರಿದಾಗ, ರೋಗಿಗಳನ್ನು ಉಪಚರಿಸಿದ ವೈದ್ಯರಿಗೇ ಆ ಅನಿಲದ ಗುಣ ಮತ್ತು ಚಿಕಿತ್ಸೆಯ ಬಗ್ಗೆ ಖಚಿತ ಮಾಹಿತಿ ಇರಲಿಲ್ಲ. ಆ ದುರಂತದ ತರುವಾಯ, 1987ರಲ್ಲಿ, 1948ರ ಕಾರ್ಖಾನೆ ಕಾಯಿದೆಯನ್ನು ತಿದ್ದಿ, ಅಪಾಯಗಳ ಮಾಹಿತಿಯನ್ನು ಕಾರ್ಮಿಕರಿಗೆ ತಿಳಿಸುವ ಹೊಣೆಯನ್ನು ಮಾಲಿಕರ ಮೇಲೆ ಹೊರಿಸಲಾಯಿತು. 1989ರ ಅಪಾಯಕಾರಿ ರಾಸಾಯನಿಕಗಳ ನಿಯಮಗಳು ಪ್ರತಿಯೊಂದು ಧಾರಕದ ಮೇಲೂ ಒಳಗಿರುವ ದ್ರವ್ಯ, ತಯಾರಕ ಅಥವಾ ಆಮದುದಾರನ ಹೆಸರು ಮತ್ತು ವಿಳಾಸ, ದ್ರವ್ಯದ ಭೌತ, ರಾಸಾಯನಿಕ ಹಾಗೂ ವಿಷಗುಣಗಳನ್ನು ನಮೂದಿಸಬೇಕೆಂದು ವಿಧಿಸಿದವು.

ಸುರಿದ ಪಾತ್ರೆಗೂ ಚೀಟಿ

ತಯಾರಕನು ಅಂಟಿಸಿದ ಚೀಟಿ ದ್ರವ್ಯವು ಮೂಲ ಪಾತ್ರೆಯಲ್ಲಿರುವವರೆಗೆ ಮಾತ್ರ ಸಾಕು. ಕೆನಡಾ ದೇಶವು 1988ರಲ್ಲಿ ಜಾರಿಗೆ ತಂದ ಪದ್ಧತಿ ಇದನ್ನು ಮನಗಂಡು, ಬೇರೆ ಪಾತ್ರೆಗೆ ಸುರಿದ ದ್ರವ್ಯಕ್ಕೆ ಕೆಲಸದ ತಾಣದಲ್ಲಿಯೇ ಮತ್ತೊಂದು ಚೀಟಿ ಹಚ್ಚಬೇಕೆಂದು ಗೊತ್ತುಪಡಿಸಿತು. ಅದರಲ್ಲಿ ಇರಬೇಕಾದದ್ದು ಮೂರೇ ಅಂಶ: ದ್ರವ್ಯದ ಹೆಸರು, ಸುರಕ್ಷಿತವಾಗಿ ಬಳಸುವ ಬಗೆ, ಹೆಚ್ಚಿನ ವಿವರಗಳುಳ್ಳ ಸುರಕ್ಷತಾ ಮಾಹಿತಿ ಪತ್ರ ದೊರೆಯುತ್ತದೆಂಬ ಸೂಚನೆ.

ನಾವೂ ಇದನ್ನು ಅನುಸರಿಸುವುದು ಕಷ್ಟವಲ್ಲ. ಒಂದು ಕಾಗದ, ಅಳಿಸದ ಶಾಯಿ, ಮೇಲೊಂದು ಪಾರದರ್ಶಕ ಅಂಟುಪಟ್ಟಿ, ಇಷ್ಟೇ ಸಾಕು. ಚೀಟಿಯ ಭಾಷೆ ಮಾತ್ರ ಓದುವವನದಾಗಿರಲಿ. ಊರಿನಿಂದ ಹೊಸದಾಗಿ ಬಂದ ಹುಡುಗನಿಗೆ ಇಂಗ್ಲಿಷಿನ ಸಾಲುಗಳು ತೋರಣದಂತೆ ಕಂಡಾವೇ ಹೊರತು ಎಚ್ಚರಿಕೆಯಾಗಿ ಅಲ್ಲ; ‘ವಿಷ, ಕುಡಿಯಬೇಡಿ’ ಎಂಬ ಎರಡು ಕನ್ನಡ ಪದಗಳು ಅವನ ಪ್ರಾಣ ಉಳಿಸಬಲ್ಲವು. ಓದಲು ಬಾರದವನಿಗೆ ಚಿತ್ರವನ್ನು ತೋರಿಸಿ, ಬಾಯಿಮಾತಿನಲ್ಲಿ ತಿಳಿಯಹೇಳಬೇಕು. ಆಹಾರ, ಪಾನೀಯಗಳ ಬಾಟಲಿಗೆ ಇಂತಹ ದ್ರವ್ಯವನ್ನು ಎಂದಿಗೂ ಸುರಿಯಬಾರದು. ಏನೆಂದು ತಿಳಿಯದ ದ್ರವವನ್ನು ಮೂಸಿಯೋ ರುಚಿ ನೋಡಿಯೋ ಪರೀಕ್ಷಿಸಲೂಬಾರದು.

ಅವಘಡ ಸಂಭವಿಸಿದಾಗ

ಕಣ್ಣಿಗೆ ರಾಸಾಯನಿಕ ಸಿಡಿದರೆ ತಡಮಾಡದೆ ರೆಪ್ಪೆ ತೆರೆದಿಟ್ಟು, ಹರಿಯುವ ನೀರಿನಲ್ಲಿ ಕನಿಷ್ಠ 15ರಿಂದ 20 ನಿಮಿಷ ತೊಳೆದು, ಆಸ್ಪತ್ರೆಗೆ ಒಯ್ಯಬೇಕು. ಸುಡುವ ದ್ರವ್ಯವನ್ನು ನುಂಗಿದವರಿಗೆ ವಾಂತಿ ಮಾಡಿಸಬಾರದು, ಏಕೆಂದರೆ ಅದು ಮೇಲೇರುವಾಗ ಅನ್ನನಾಳವನ್ನು ಮತ್ತೊಮ್ಮೆ ಸುಡುತ್ತದೆ. ನಿಂಬೆರಸ ಕುಡಿಸುವ ಮನೆಮದ್ದೂ ಸಲ್ಲದು. ಬಾಯಿ ಮುಕ್ಕಳಿಸಿಸಿ, ಕೂಡಲೇ ವೈದ್ಯರ ಬಳಿಗೆ ಕರೆದೊಯ್ಯಬೇಕು. ಹೋಗುವಾಗ ಚೀಟಿಯಿರುವ ಪಾತ್ರೆಯನ್ನೂ ಬಾಯಿ ಭದ್ರಪಡಿಸಿ ಕೊಂಡೊಯ್ಯಿರಿ. ರೋಗಿಯು ಮಾತನಾಡಲಾರದ ಆ ಹೊತ್ತಿನಲ್ಲಿ ಅವನ ಪರವಾಗಿ ವೈದ್ಯರೊಡನೆ ಮಾತನಾಡುವುದು ಆ ಚೀಟಿಯೇ.

ಆದ್ದರಿಂದ ಓದುಗರು ನಾಳೆ ತಮ್ಮ ಕೆಲಸದ ತಾಣಕ್ಕೆ ಹೋದಾಗ ಒಮ್ಮೆ ಸುತ್ತಲೂ ಕಣ್ಣು ಹಾಯಿಸಲಿ. ಹೆಸರಿಲ್ಲದ ಪಾತ್ರೆ ಕಂಡರೆ ‘ಇದರಲ್ಲಿ ಏನಿದೆ?’ ಎಂದು ಕೇಳಲು ಸಂಕೋಚಪಡಬೇಕಾಗಿಲ್ಲ. ಮಾಲಿಕರಾದವರು ಆ ಪ್ರಶ್ನೆಗೆ ಕೋಪಿಸಿಕೊಳ್ಳದೆ ಉತ್ತರ ಕೊಡುವಂತಾದರೆ ಎಷ್ಟೋ ಮನೆಗಳ ನೆಮ್ಮದಿ ಉಳಿದೀತು.