ಹುಲ್ಲುಹಾಸಿನ ರಾಶಿ ಬಿಸಿಯಾಗದಂತೆ: ಬೆಳವಣಿಗೆ ನಿಯಂತ್ರಕಗಳ ಬಳಕೆ ಮತ್ತು ಮಿತಿ

ಉದ್ಯಾನ ಹಾಗೂ ಶಾಲಾ ಆವರಣಗಳಿಗಾಗಿ ಖರೀದಿಸುವ ಹುಲ್ಲುಹಾಸು, ಮಣ್ಣುಸಹಿತ ಕತ್ತರಿಸಿದ ಬಳಿಕವೂ ಉಸಿರಾಡುತ್ತಿರುತ್ತದೆ. ಈ ಕ್ರಿಯೆಯಲ್ಲಿ ಹುಲ್ಲಿನ ಸಕ್ಕರೆ ವ್ಯಯವಾಗಿ ಶಾಖ ಉಂಟಾಗುತ್ತದೆ. ಒತ್ತಾಗಿ ಪೇರಿಸಿದ ರಾಶಿಯೊಳಗಿನ ಶಾಖ ಸುಲಭವಾಗಿ ಹೊರಹೋಗದು. ಬಿಸಿ ಏರಿದಂತೆ ಉಸಿರಾಟವೂ ಹೆಚ್ಚಿ, ಹೊರಗೆ ಹಸಿರಾಗಿ ಕಾಣುವ ರಾಶಿಯ ನಡುಭಾಗ ನೆಲ ಸೇರುವ ಮೊದಲೇ ಸಾಯಬಹುದು.

ಟ್ರೈನೆಕ್ಸಾಪ್ಯಾಕ್-ಈಥೈಲ್ ಎಂಬ ನಿಯಂತ್ರಕವು ಎಲೆಯನ್ನು ನೀಳವಾಗಿಸುವ ಜಿಬ್ಬರೆಲಿನ್ ಹಾರ್ಮೋನಿನ ಉತ್ಪತ್ತಿಯನ್ನು ತಗ್ಗಿಸುತ್ತದೆ. ಅಮೆರಿಕದ ನೆಬ್ರಾಸ್ಕ ವಿಶ್ವವಿದ್ಯಾಲಯದ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಟಾವಿಗೆ ಮುನ್ನ ಇದನ್ನು ಸಿಂಪಡಿಸಿದ ಕೆಂಟಕಿ ಬ್ಲೂಗ್ರಾಸ್ ಹುಲ್ಲುಹಾಸು ದಾಸ್ತಾನಿನಲ್ಲಿ ಕಡಿಮೆ ಬಿಸಿಯಾಯಿತು. ಆದರೆ ಅದು ತಂಪು ಹವೆಯ ಹುಲ್ಲು. ಗರಿಕೆಯಂತಹ ಬಿಸಿ ಹವೆಯ ಹುಲ್ಲುಗಳಲ್ಲಿಯೂ ಅದೇ ಫಲ ದೊರೆಯುವುದೆಂದು ಭಾವಿಸಲಾಗದು. ಈಗಾಗಲೇ ಕಾದ ರಾಶಿಯನ್ನು ಈ ಔಷಧಿ ತಣಿಸದು. ಬೆಳವಣಿಗೆ ನಿಯಂತ್ರಕಗಳು ಕೀಟನಾಶಕ ಕಾಯ್ದೆ, 1968ರ ವ್ಯಾಪ್ತಿಗೆ ಒಳಪಡುವುದರಿಂದ, ಲೇಬಲ್‌ನಲ್ಲಿ ಸೂಚಿಸಿದಂತೆ ಮಾತ್ರ ಬಳಸತಕ್ಕದ್ದು.

ಆದುದರಿಂದ ಮೂಲ ಕ್ರಮಗಳೇ ಮುಖ್ಯ. ಕಟಾವಿಗೆ ಮುನ್ನ ಸಾರಜನಕ ಗೊಬ್ಬರವನ್ನು ಅತಿಯಾಗಿ ನೀಡಬಾರದು. ಹುಲ್ಲನ್ನು ಗಿಡ್ಡವಾಗಿ ಕತ್ತರಿಸಿ, ತುಣುಕುಗಳನ್ನು ತೆಗೆದಿರಬೇಕು. ಕಟಾವು ಬೆಳಗಿನ ತಂಪಿನಲ್ಲಿ ನಡೆಯಬೇಕು. ಬೇಸಿಗೆಯಲ್ಲಿ 24 ಗಂಟೆಯೊಳಗೆ ಹಾಸಿ ನೀರುಣಿಸುವುದು ಕ್ಷೇಮ.

ಸರಕು ಬಂದಾಗ ಸದಸ್ಯರು ರಾಶಿಯ ನಡುವಿನ ಸುರುಳಿಯೊಂದನ್ನು ಬಿಚ್ಚಿಸಿ ನೋಡುವುದು ಸೂಕ್ತ. ಕೈಗೆ ಬಿಸಿ ತಾಗಿದರೆ, ಎಲೆ ಹಳದಿಯಾಗಿದ್ದರೆ ಅಥವಾ ಕೊಳೆತ ವಾಸನೆ ಬಂದರೆ, ಸ್ವೀಕೃತಿಗೆ ಸಹಿ ಮಾಡುವ ಮೊದಲೇ ಅದನ್ನು ದಾಖಲಿಸತಕ್ಕದ್ದು. ಹಾಸಿದ ಬಳಿಕ ಒಣಗಿದ ಹುಲ್ಲು ಯಾರ ಲೋಪದಿಂದ ಸತ್ತಿತೆಂದು ನಿರ್ಣಯಿಸುವುದು ಕಷ್ಟ. ವೆಚ್ಚ ಮಾತ್ರ ಪಂಚಾಯಿತಿಯ ನಿಧಿಯದಾಗಿರುತ್ತದೆ.